ಮೊದಲ ಮಾತು ನುಂಗುವ ಇಯರ್‌ಫೋನ್

"ಗುರುಗಳೇ, ಪುಕ್ಕಟೆ ಕೊಟ್ಟವರ ಕೊಡುಗೆಯಲ್ಲಿ ತಪ್ಪು ಎತ್ತಿ ತೋರಿಸುವುದು ಕೃತಘ್ನತೆಯಲ್ಲವೇ?" ಎಂದು ಕಲ್ಮೇಶ ಕೇಳಿದ.

ಕಲ್ಮೇಶನು ಅಡಿವೆಯ್ಯ ಗುರುಗಳ ಹಳೆಯ ಶಿಷ್ಯ. ಗುರುಗಳು ಯಾರಿಂದಲೂ ಏನನ್ನೂ ತೆಗೆದುಕೊಳ್ಳದೆ ಪಾಠ ಹೇಳುತ್ತಿದ್ದರು. ಹಿಂದಿನ ದಿನ, ಹೊಸದಾಗಿ ಬಂದಿದ್ದ ಒಬ್ಬಳು ಪಾಠದ ನಡುವೆ ಎದ್ದು, "ನೀವು ಹೇಳಿದ್ದು ನನಗೆ ಸರಿಹೋಗಲಿಲ್ಲ" ಎಂದುಬಿಟ್ಟಿದ್ದಳು. ಗುರುಗಳು ಅದನ್ನು ಸಮಾಧಾನದಿಂದ ಕೇಳಿಸಿಕೊಂಡಿದ್ದರು. ಕಲ್ಮೇಶನಿಗೆ ಮಾತ್ರ ಅದು ಇನ್ನೂ ಮೈ ಉರಿಸುತ್ತಿತ್ತು.

"ಮೊದಲು ಕೂತುಕೋ" ಎಂದರು ಗುರುಗಳು. "ಸಿಟ್ಟು ಇಳಿಯಲಿ. ಒಂದು ಕತೆ ಹೇಳುತ್ತೇನೆ. ಇದರಲ್ಲಿ ರಾಜನೂ ಇಲ್ಲ, ಋಷಿಯೂ ಇಲ್ಲ. ಇರುವುದು ಒಂದು ಕಂಪ್ಯೂಟರು. ಅದಕ್ಕೆಂದು ಮೂಗು ಮುರಿಯಬೇಡ."

ಹೀಗೆಂದು ಅವರು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೆರಳಚ್ಚುಗಾರ್ತಿ ಇದ್ದಳು. ಕಿವಿ ಕೇಳದ ಮಕ್ಕಳ ಶಾಲೆಗೆ ಅವಳು ಕೆಲಸ ಮಾಡುತ್ತಿದ್ದಳು. ಮೇಷ್ಟ್ರುಗಳು ಹೇಳಿದ ಪಾಠದ ಧ್ವನಿಮುದ್ರಣ ಅವಳ ಮನೆಗೆ ಬರುತ್ತಿತ್ತು. ಇಯರ್‌ಫೋನಿನಲ್ಲಿ ಒಂದು ಸಾಲು ಕೇಳುವುದು, ನಿಲ್ಲಿಸುವುದು, ಟೈಪ್ ಮಾಡುವುದು, ಮತ್ತೆ ಮುಂದಿನ ಸಾಲು. ಹೀಗೆ ಪಾಠವನ್ನೆಲ್ಲ ಅಕ್ಷರಕ್ಕೆ ಇಳಿಸುತ್ತಿದ್ದಳು. ಅವಳು ಇಳಿಸಿಕೊಟ್ಟರೆ ಮಕ್ಕಳಿಗೆ ಪಾಠ ಉಂಟು, ಇಲ್ಲವಾದರೆ ಇಲ್ಲ. ಹೊಟ್ಟೆಪಾಡು ಎನ್ನು, ಪುಣ್ಯದ ಕೆಲಸ ಎನ್ನು, ಅವಳಿಗೆ ಎರಡೂ ಅದೇ ಆಗಿತ್ತು.

ಒಮ್ಮೆ ಮೆಟ್ಟಿಲಿನಿಂದ ಜಾರಿಬಿದ್ದು ಅವಳ ಎಡಗೈ ಮುರಿಯಿತು. ಮೂಳೆ ಕೂಡಿತು, ಬೆರಳುಗಳು ಮಾತ್ರ ಮೊದಲಿನಂತೆ ಬಗ್ಗಲಿಲ್ಲ. ಟೈಪ್ ಹೇಗೋ ಮಾಡುತ್ತಿದ್ದಳು. ಆದರೆ ಧ್ವನಿಯನ್ನು ನಿಲ್ಲಿಸಬೇಕಾದರೆ, ಹಿಂದಕ್ಕೆ ಒಯ್ಯಬೇಕಾದರೆ ಎರಡು ಮೂರು ಕೀಗಳನ್ನು ಒಟ್ಟಿಗೆ ಒತ್ತಬೇಕು. ಅದು ಆ ಕೈಯಿಂದ ಆಗದ ಮಾತು. ಇಯರ್‌ಫೋನಿನ ವೈರು ಬೇರೆ ಅದೇ ಕೈಗೆ ಸಿಕ್ಕಿಕೊಂಡು ಕಿವಿಯಿಂದ ಕಿತ್ತು ಬರುತ್ತಿತ್ತು. ವೈರಿಲ್ಲದ ಇಯರ್‌ಫೋನ್ ತಂದಳು. ಅದರಲ್ಲಿ ಧ್ವನಿ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳಿಸಿತು. ಇನ್ನು ಈ ಕೆಲಸ ತನ್ನ ಕೈಬಿಟ್ಟಿತು ಎಂದೇ ಅವಳು ತಿಳಿದಳು.

ಆಗ ಅವಳಿಗೆ ಒಂದು ಉಪಕರಣ ಸಿಕ್ಕಿತು. ಕಂಪ್ಯೂಟರಿಗೆ ಹಾಕಿಕೊಳ್ಳುವ ಒಂದು ಪುಟ್ಟ ತಂತ್ರಾಂಶ. ಎಲ್ಲೋ ದೂರದ ಊರಿನ ಒಬ್ಬ ಅದನ್ನು ಬರೆದು ಎಲ್ಲರಿಗೂ ಪುಕ್ಕಟೆ ಇಟ್ಟಿದ್ದ. ಅದರ ಒಳಗುಟ್ಟನ್ನೂ ಮುಚ್ಚಿಟ್ಟಿರಲಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ವೈರಿಲ್ಲದ ಇಯರ್‌ಫೋನಿನ ಧ್ವನಿಯನ್ನು ಅದು ತಿಳಿಯಾಗಿಸುತ್ತಿತ್ತು. ಕೀಲಿಮಣೆಯ ಯಾವ ಕೀ ಯಾವ ಕೆಲಸ ಮಾಡಬೇಕು ಎಂಬುದನ್ನೂ ನಮಗೆ ಬೇಕಾದಂತೆ ಬದಲಾಯಿಸಿಕೊಡುತ್ತಿತ್ತು. ನಿಲ್ಲಿಸುವುದಕ್ಕೆ ಒಂದು, ಹಿಂದಕ್ಕೆ ಹೋಗುವುದಕ್ಕೆ ಒಂದು, ಮುಂದೆ ನಡೆಸುವುದಕ್ಕೆ ಒಂದು ಎಂದು ಬಲಗೈಗೆ ಎಟಕುವ ಕೀಗಳನ್ನು ಅವಳು ಗೊತ್ತುಮಾಡಿಕೊಂಡಳು. ಇನ್ನು ಒಂದು ಕೆಲಸಕ್ಕೆ ಒಂದೇ ಬೆರಳು ಸಾಕು. ಮೊದಲ ಸಲ ಹಾಗೆ ಕೆಲಸ ಮಾಡಿದಾಗ ಅವಳ ಕಣ್ಣು ತುಂಬಿ ಬಂತು. ಊರು ಕೇರಿ ಗೊತ್ತಿಲ್ಲದ ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು.

ಆದರೆ ಆ ಉಪಕರಣದಲ್ಲಿ ಒಂದು ಕುಂದಿತ್ತು. ಟೈಪ್ ಮಾಡಲೆಂದು ಅವಳು ಧ್ವನಿ ನಿಲ್ಲಿಸಿದರೆ ಅದು ಇಯರ್‌ಫೋನಿಗೆ ಏನನ್ನೂ ಕಳಿಸುತ್ತಿರಲಿಲ್ಲ, ಇಯರ್‌ಫೋನ್ ತೂಕಡಿಸುತ್ತಿತ್ತು. ಮತ್ತೆ ಧ್ವನಿ ನಡೆಸಿದರೆ ಅದಕ್ಕೆ ಎಚ್ಚರವಾಗುವಷ್ಟರಲ್ಲಿ ಮೊದಲ ಮಾತು ಹೋಗಿರುತ್ತಿತ್ತು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಬೇಕು. ಅಪರೂಪಕ್ಕೆ ಹೀಗಾದರೆ ಸಹಿಸಬಹುದು. ಪ್ರತಿ ಸಾಲಿಗೂ ಹೀಗೆಯೇ ಆದರೆ ಏನು ಮಾಡುವುದು? ಕೆಲಸ ಆಮೆ ನಡಿಗೆಗೆ ಇಳಿಯಿತು. ಪಾಠಗಳು ತಡವಾಗಿ ಹೋಗತೊಡಗಿದವು. ಶಾಲೆಯ ಹೆಡ್‌ಮೇಡಂ ಒಳ್ಳೆಯವರೇ. ಆದರೂ ಅವರು, ಪರೀಕ್ಷೆ ಹತ್ತಿರ ಬಂತು, ಮಕ್ಕಳು ಕಾಯುತ್ತಿದ್ದಾರೆ, ಹೀಗೇ ಆದರೆ ಬೇರೆ ಯಾರನ್ನಾದರೂ ನೋಡಬೇಕಾಗುತ್ತದೆ ಎಂದು ತಿಳಿಸಿದರು.

ಆ ಉಪಕರಣಕ್ಕೆ ಅಂತರ್ಜಾಲದಲ್ಲಿ ಒಂದು ಪುಟವಿತ್ತು. ಆ ಪುಟದಲ್ಲಿ, ತೊಂದರೆ ಕಂಡರೆ ಇಲ್ಲಿ ಬರೆಯಿರಿ ಎಂದು ಒಂದು ಜಾಗವನ್ನೇ ಬಿಟ್ಟಿದ್ದರು. ಅವಳು ಅದನ್ನು ದಿನವೂ ನೋಡುತ್ತಿದ್ದಳು, ಬರೆಯುತ್ತಿರಲಿಲ್ಲ. ಅವಳಾದರೂ ನಮ್ಮವಳೇ ಅಲ್ಲವೇನಪ್ಪಾ? ಬೀಗರ ಮನೆಯ ಸಾರಿಗೆ ಉಪ್ಪೇ ಬಿದ್ದಿಲ್ಲದಿದ್ದರೂ, ಬಹಳ ರುಚಿಯಾಗಿದೆ ಎಂದು ಎರಡನೆಯ ಸಲ ಬಡಿಸಿಕೊಂಡು ಉಂಡು ಬರುವ ಜನ ನಾವು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವಳು ಅವಳು. ಪುಕ್ಕಟೆ ಬಂದ ಬಟ್ಟೆಗೆ ಮೊಳ ಹಾಕುವವರ ಸಾಲಿಗೆ ತಾನು ಸೇರಬಾರದು ಎಂಬುದು ಅವಳ ಹಟ.

ಅವಳ ಗಂಡ ಬಸ್ ಕಂಡಕ್ಟರ್. ದಿನವಿಡೀ ಜನರ ಬಾಯಿಗೆ ಬಾಯಿ ಕೊಟ್ಟು ಪಳಗಿದವನು. "ಅತ್ತರೆ ತಾನೇ ತಾಯಿ ಹಾಲು ಕೊಡುವುದು? ಒಂದು ಮಾತು ಬರೆದು ನೋಡು" ಎಂದ.

"ಕಾಸು ಕೊಡದೆ ತಂದುಕೊಂಡಿದ್ದೇನೆ. ಅದಕ್ಕೆ ಕೊಂಕು ಬೇರೆ ತೆಗೆಯಲೇ? ಕೇಳಿದವರು ಏನೆಂದುಕೊಂಡಾರು?" ಎಂದಳು ಅವಳು.

ಗಂಡ ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟ. ಅವಳು ಪ್ರತಿ ಸಾಲಿಗೂ ಹಿಂದಕ್ಕೆ ಹೋಗಿ ಹೋಗಿ ಕೇಳಿದಳು. ಚೆನ್ನಾಗಿದ್ದ ಬಲಗೈಯೂ ನೋಯತೊಡಗಿತು.

ಒಂದು ಬೆಳಿಗ್ಗೆ ಪುಟ ತೆರೆದರೆ ಅದರ ಮೇಲೆ ಹೊಸ ಸೂಚನೆಯಿತ್ತು. ಈ ಉಪಕರಣವನ್ನು ಯಾರೂ ಬಳಸುತ್ತಿರುವಂತೆ ಕಾಣುವುದಿಲ್ಲ, ಬರುವ ತಿಂಗಳಿಂದ ಇದನ್ನು ನೋಡಿಕೊಳ್ಳುವುದನ್ನು ನಿಲ್ಲಿಸುತ್ತೇನೆ ಎಂದು ಮಾಡಿದವನು ಬರೆದಿದ್ದ. ಕಂಪ್ಯೂಟರು ದಿನ ಬೆಳಗಾದರೆ ಬದಲಾಗುವ ವಸ್ತು. ನೋಡಿಕೊಳ್ಳುವವರಿಲ್ಲದ ಉಪಕರಣ ಅದರಲ್ಲಿ ಬಹಳ ಕಾಲ ಬಾಳುವುದಿಲ್ಲ.

ಯಾರೂ ಬಳಸುತ್ತಿಲ್ಲವೇ? ಅವಳ ಅನ್ನವೇ ಅದರ ಮೇಲಿತ್ತು. ಕೂಡಲೇ ಅವನಿಗೆ ಬರೆದಳು. ಏನು ಬರೆದಳು ಎನ್ನುತ್ತೀ? ಉಪಕರಣ ತುಂಬ ಚೆನ್ನಾಗಿದೆ, ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು ಬರೆದಳು. ಅಯ್ಯೋ ಪುಣ್ಯಾತ್ಗಿತ್ತಿ. ಅವನು ಧನ್ಯವಾದ ಎಂದು ಉತ್ತರ ಕೊಟ್ಟ. ಸೂಚನೆ ಇದ್ದ ಹಾಗೆಯೇ ಇತ್ತು.

ಅವಳಿಗೆ ಸಿಟ್ಟು ಬಂತು. ಅವನ ಮೇಲೋ, ತನ್ನ ಮೇಲೋ, ತಿಳಿಯಲಿಲ್ಲ. ಹೋಗುವುದು ಹೇಗೂ ಹೋಗುತ್ತದೆ, ಹೇಳಿಯಾದರೂ ಬಿಡುತ್ತೇನೆ ಎಂದು ತೊಂದರೆ ಬರೆಯುವ ಜಾಗದಲ್ಲಿ ಎಲ್ಲವನ್ನೂ ಬರೆದಳು. ತನ್ನದು ಯಾವ ಇಯರ್‌ಫೋನು, ಎಷ್ಟು ಹೊತ್ತು ಸುಮ್ಮನಿದ್ದರೆ ಅದು ತೂಕಡಿಸುತ್ತದೆ, ಎಚ್ಚರವಾದಾಗ ಎಷ್ಟು ಮಾತು ನುಂಗುತ್ತದೆ, ಕೈ ಹೇಗಿದೆ, ಶಾಲೆಯವರು ಏನೆಂದರು, ಒಂದನ್ನೂ ಬಿಡಲಿಲ್ಲ. ಪುಕ್ಕಟೆ ಕೊಟ್ಟಿದ್ದೀರಿ ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ, ಆದರೆ ಇದು ಸರಿಯಿಲ್ಲ ಎಂದು ಮುಗಿಸಿದಳು. ಕಳಿಸಿದ ಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಳು.

ಮಧ್ಯಾಹ್ನದೊಳಗೆ ಉತ್ತರ ಬಂತು.

"ಅಕ್ಕಾ, ಆ ತರಹದ ಇಯರ್‌ಫೋನ್ ನನ್ನ ಹತ್ತಿರ ಇಲ್ಲವೇ ಇಲ್ಲ. ನೀವು ಹೇಳದಿದ್ದರೆ ನನಗೆ ಯಾವ ಕಾಲಕ್ಕೆ ತಿಳಿಯಬೇಕಿತ್ತು? ಚೆನ್ನಾಗಿದೆ ಎನ್ನುವವರು ಒಮ್ಮೆ ತೆರೆದು ನೋಡಿ ಹೋದವರೂ ಆಗಿರಬಹುದು. ಇಷ್ಟು ವಿವರವಾಗಿ ದೂರುವವರು ದಿನಾ ಬಳಸುವವರೇ. ಇಂಥ ಒಬ್ಬರಿಗಾಗಿಯೇ ನಾನು ಕಾದಿದ್ದೆ."

ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಬೈಗುಳ ಬರುತ್ತದೆ ಎಂದುಕೊಂಡಿದ್ದವಳಿಗೆ ನಂಬಿಕೆಯೇ ಬರಲಿಲ್ಲ.

ಅವನು ತಿದ್ದಿ ಕಳಿಸಿದ. ಅವಳು ಹಾಕಿ ನೋಡಿದಳು, ಸರಿಹೋಗಲಿಲ್ಲ. ಈ ಸಲ ಅವಳು ನಾಚಲಿಲ್ಲ. ಇನ್ನೂ ನುಂಗುತ್ತಿದೆ ಎಂದು ಬರೆದಳು. ಅವನು ಮತ್ತೆ ತಿದ್ದಿದ. ನಾವು ನಿಲ್ಲಿಸಿದಾಗಲೂ ಕಿವಿಗೆ ಕೇಳಿಸದಷ್ಟು ಸಣ್ಣ ಸದ್ದೊಂದು ಇಯರ್‌ಫೋನಿನೊಳಗೆ ಹರಿಯುತ್ತಿರುವಂತೆ ಮಾಡಿದ. ಊಟಕ್ಕೆ ಮೊದಲೇ ಮಗು ನಿದ್ದೆಹೋಗದಿರಲಿ ಎಂದು ತಾಯಿ ಮಾತಾಡಿಸುತ್ತಿರುತ್ತಾಳಲ್ಲ, ಹಾಗೆ. ಅವಳು ಧ್ವನಿ ನಿಲ್ಲಿಸಿದಳು, ಟೈಪ್ ಮಾಡಿದಳು, ಮತ್ತೆ ನಡೆಸಿದಳು. ಮೊದಲ ಮಾತು ಪೂರ್ತಿ ಕೇಳಿಸಿತು. ಅವಳು ಗಂಡನನ್ನು ಕೂಗಿ ಕರೆದು ಅವನ ಕಿವಿಗೂ ಹಾಕಿ ಕೇಳಿಸಿದಳು.

ಆಮೇಲೆ ಆದದ್ದನ್ನು ಅವಳು ಎಣಿಸಿಯೇ ಇರಲಿಲ್ಲ. ಅವಳ ದೂರಿನ ಕೆಳಗೆ ಒಬ್ಬೊಬ್ಬರೇ ಬಂದು, ನನಗೂ ಹೀಗೇ ಆಗುತ್ತಿತ್ತು ಎಂದು ಬರೆಯತೊಡಗಿದರು. ಒಬ್ಬ ಕಣ್ಣು ಕಾಣದ ವಕೀಲ. ಕಂಪ್ಯೂಟರು ಓದಿ ಹೇಳುವುದನ್ನು ಕೇಳಿಕೊಂಡೇ ಅವನ ಕೆಲಸವೆಲ್ಲ ನಡೆಯಬೇಕು. ಇನ್ನೊಬ್ಬಳು ಮನೆಯಲ್ಲೇ ಕೂತು ಸಂಗೀತ ಕಲಿಯುವ ಅಜ್ಜಿ. ಎಲ್ಲರೂ ಅದೇ ಸಪ್ಪೆ ಸಾರನ್ನು ಮರ್ಯಾದೆಯಿಂದ ಉಣ್ಣುತ್ತ ಕೂತಿದ್ದವರೇ. ಅವರಲ್ಲಿ ತಂತ್ರಾಂಶ ಬರೆಯಬಲ್ಲ ಒಬ್ಬಳು, ಉಪಕರಣ ನೋಡಿಕೊಳ್ಳಲು ತಾನೂ ಕೈಜೋಡಿಸುತ್ತೇನೆ ಎಂದಳು. ಮಾಡಿದವನು ಸೂಚನೆಯನ್ನು ತೆಗೆದುಹಾಕಿದ. ಪರೀಕ್ಷೆಗೆ ಮೊದಲೇ ಪಾಠಗಳೆಲ್ಲ ಮಕ್ಕಳ ಕೈಸೇರಿದವು. ಬೆರಳಚ್ಚುಗಾರ್ತಿ ಇವತ್ತಿಗೂ ಅದೇ ಕೆಲಸದಲ್ಲಿದ್ದಾಳೆ. ಉಪಕರಣದಲ್ಲಿ ಏನಾದರೂ ಕುಂದು ಕಂಡರೆ ಆವತ್ತೇ ಬರೆದು ಕಳಿಸುತ್ತಾಳೆ.

ಗುರುಗಳು ಕತೆ ಮುಗಿಸಿದರು. ಕಲ್ಮೇಶನ ಸಿಟ್ಟು ಇಳಿದು ಮುಖ ಅರಳಿತ್ತು. ತಪ್ಪನ್ನು ಹೇಳುವುದೂ ಕೃತಜ್ಞತೆಯೇ ಎಂದು ತನಗೆ ಅರ್ಥವಾಯಿತು ಎಂದ.

"ಭಲೆ" ಎಂದರು ಗುರುಗಳು. "ಹಾಗಾದರೆ ನೀನೂ ಹೇಳಪ್ಪಾ. ಇಷ್ಟು ವರ್ಷ ನನ್ನ ಪಾಠ ಕೇಳಿದ್ದೀ. ಅದರಲ್ಲಿ ಎಲ್ಲಾದರೂ ಕುಂದು ಕಂಡಿತೇ?"

ಕಲ್ಮೇಶ ಭಕ್ತಿಯಿಂದ ಕೈಮುಗಿದ. "ಇಲ್ಲವೇ ಇಲ್ಲ ಗುರುಗಳೇ. ಒಂದೇ ಒಂದೂ ಇಲ್ಲ."

"ಹಾಗಾದರೆ ನೀನು ಆ ಪಾಠವನ್ನು ಬಳಸಲು ಇನ್ನೂ ಶುರುಮಾಡಿಲ್ಲ" ಎಂದರು ಗುರುಗಳು.