ಗೋಬರ್ ಗ್ಯಾಸಿಗೆ ಮಡಿ

ಹೊಳೆದಂಡೆಯ ಮಠದಲ್ಲಿ ದಿನವೂ ದಾಸೋಹ. ಬಂದವರ ಜಾತಿಯನ್ನು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಒಲೆ ಉರಿಯುತ್ತಿದ್ದದ್ದು ಹಿತ್ತಲಿನ ಗೋಬರ್ ಗ್ಯಾಸಿನಿಂದ. ದನದ ಸಗಣಿಯ ಜೊತೆ ಉಂಡವರ ಎಲೆಯಲ್ಲಿ ಉಳಿದ ಅನ್ನವನ್ನೂ ಕಲಸಿ ಗುಂಡಿಗೆ ಬಿಡುತ್ತಿದ್ದರು.

ಕಲಸುವ ಕೆಲಸ ಶಿಷ್ಯ ಕಲ್ಲಯ್ಯನ ಪಾಲಿಗೆ ಬಂತು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಶಾಸ್ತ್ರ ಕಲಿಯಲು ಬಂದವನು ಊರವರ ಎಂಜಲಿಗೆ ಕೈ ಹಾಕುವುದೇ? ಆ ಎಂಜಲಿನ ಉರಿಯಲ್ಲಿ ಪ್ರಸಾದ ಬೇಯುವುದೇ? ಗುಂಡಿಯನ್ನೇ ಮಡಿ ಮಾಡಿಬಿಡುತ್ತೇನೆಂದು ಡಬ್ಬಿಗಟ್ಟಲೆ ಫಿನಾಯಿಲ್ ಸುರಿದ.

ಕೆಲವೇ ದಿನಗಳಲ್ಲಿ ಉರಿ ಸಣ್ಣಗಾಗಿ, ಆಮೇಲೆ ಆರಿಯೇ ಹೋಯಿತು. ಪಂಕ್ತಿಯಲ್ಲಿ ಕೂತವರು ಹಸಿದುಕೊಂಡೇ ಎದ್ದು ಹೋದರು.

ಗುರು ರೇವಣಜ್ಜ ಕೇಳಿದಾಗ ಕಲ್ಲಯ್ಯ ಮುಚ್ಚಿಡಲಿಲ್ಲ.

"ನಾನ ಹಾಕೇನ್ರಿ ಅಜ್ಜಾರ. ಹೊಲಸು ಸಾಯ್ಲಿ ಅಂತ ಹಾಕೇನಿ."

"ಸತ್ತದ್ದು ಹೊಲಸಲ್ಲ. ಗುಂಡಿಯೊಳಗ ಕಣ್ಣಿಗೆ ಕಾಣದ ಜೀವ ಇದ್ವು. ನೀ ಯಾವುದನ್ನ ಹೊಲಸು ಅಂತೀಯೋ, ಅದನ್ನ ಉಂಡು ನಮಗ ಉರಿ ಕೊಡ್ತಿದ್ವು."

ಗುಂಡಿಯನ್ನು ಬಳಿದು ತೆಗೆಯಬೇಕಾಯಿತು. ಬರೀ ಹೊಸ ಸಗಣಿ ತುಂಬಿದರೆ ಸಾಲದು. ಹಾಲಿಗೆ ಹೆಪ್ಪು ಹಾಕುವಂತೆ, ನಡೆಯುತ್ತಿರುವ ಇನ್ನೊಂದು ಗುಂಡಿಯಿಂದ ಬಗ್ಗಡ ತಂದು ಬೆರೆಸಬೇಕು. ಊರಲ್ಲಿ ಅಂಥ ಗುಂಡಿ ಇದ್ದದ್ದು ಒಂದೇ ಕಡೆ, ಕೆಳಗಿನ ಕೇರಿಯ ದುರ್ಗವ್ವನ ಹಿತ್ತಲಲ್ಲಿ.

ನೀನೇ ಹೋಗಿ ಕೇಳಿ ತಾ ಎಂದರು ಅಜ್ಜ. ಗುರುವಿನ ಮಾತು ಮೀರಲಾರದೆ ಕಲ್ಲಯ್ಯ ಹಲ್ಲು ಕಚ್ಚಿಕೊಂಡು ಹೋದ.

ದುರ್ಗವ್ವ ಬಗ್ಗಡದ ಕೊಡಗಳನ್ನು ತುಂಬಿ ಅವನ ಎದುರಿಗೆ ಇಟ್ಟಳು. ಎತ್ತಿಕೊಡಲು ಮಾತ್ರ ಕೈ ಚಾಚಲಿಲ್ಲ.

"ನಾ ಮುಟ್ಟಿದ್ದು ನಿಮಗ ಆಗ್ತೈತೇನ್ರಿ? ಆಗೂದಿದ್ರ ಹೊತ್ತುಕೊಂಡು ಹೋಗ್ರಿ."

ಕಲ್ಲಯ್ಯ ಒಂದೊಂದೇ ಕೊಡವನ್ನು ಹೊತ್ತ.

ಎಷ್ಟೋ ವಾರ ಕಾದ ಮೇಲೆ ಒಲೆಯಲ್ಲಿ ಮತ್ತೆ ನೀಲಿ ಉರಿ ಎದ್ದಿತು. ಅಂದು ಗೋಧಿ ಹುಗ್ಗಿ ಮಾಡಿದರು. ಪಂಕ್ತಿಯಲ್ಲಿ ದುರ್ಗವ್ವನೂ ಕೂತಿದ್ದಳು. ಹುಗ್ಗಿಯ ಘಮ ಕಲ್ಲಯ್ಯನ ಮೂಗಿಗೂ ಬಡಿಯಿತು. ಆದರೂ ಬಡಿಸಿದ ಎಲೆಯ ಮುಂದೆ ಕೈ ಕಟ್ಟಿಕೊಂಡು ಕೂತ.

"ನೀವು ಹೇಳಿದ್ದೆಲ್ಲಾ ಮಾಡೀನ್ರಿ ಅಜ್ಜಾರ. ಆದ್ರ ಆ ಕೇರಿ ರಾಡಿ ಮ್ಯಾಲ ಬೆಂದದ್ದನ್ನ ನಾ ಉಣ್ಣಾಂಗಿಲ್ಲ. ಮಠ ಬಿಡು ಅಂದ್ರ ಬಿಡ್ತೀನಿ."

ಅಜ್ಜ ಬೈಯಲಿಲ್ಲ, ಹೋಗೆಂದೂ ಹೇಳಲಿಲ್ಲ. ಅವನ ಮುಂದಿನ ಎಲೆಯನ್ನು ಹುಗ್ಗಿಯ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲಿನ ಕಡೆ ತಿರುಗಿದರು.

"ಬ್ಯಾಡಾದ್ರ ಬ್ಯಾಡ. ನಿನ್ನ ಪಾಲು ಗುಂಡಿಗೆ ಹಾಕ್ತೀನಿ. ಅದು ಯಾರ ಎಲೀನೂ ಒಲ್ಲೆ ಅನ್ನಾಂಗಿಲ್ಲ."