ಗವಿಯೊಳಗಿನ ಬಿಳಿ ಹಸು

ಒಂದು ಕಾಡಿನಲ್ಲಿ ಒಂದು ಗವಿಯಿತ್ತು. ಅದರ ಮುಂದೆ ಹಾದುಹೋಗುವಾಗ ಆನೆ ಕೂಡ ಸದ್ದಾಗದಂತೆ ಹೆಜ್ಜೆ ಇಡುತ್ತಿತ್ತು. ಒಳಗೊಂದು ಬಿಳಿ ಹಸುವಿದೆ ಎಂದು ಎಲ್ಲರೂ ನಂಬಿದ್ದರು. ಅದನ್ನು ಕಂಡವರು ಯಾರೂ ಇರಲಿಲ್ಲ. ಕಂಡವರ ಮರಿ ಸಾಯುತ್ತದೆ ಎಂದು ನರಿ ಹೇಳಿತ್ತು.

ಇದೆಲ್ಲ ಶುರುವಾದ ವರ್ಷ ಕಾಡಿಗೆ ಜಡ್ಡು ಬಂದು ಹಾಲೂಡುವ ತಾಯಂದಿರೇ ಹೆಚ್ಚಾಗಿ ಸತ್ತಿದ್ದರು. ಉಳಿದವರ ಹಾಲು ಬತ್ತಿಹೋಗಿತ್ತು. ಮರಿಗಳು ಅತ್ತು ಅತ್ತು ದನಿಯೂ ಇಲ್ಲದಂತಾಗಿದ್ದವು. ಆಗ ನರಿ ಗವಿಯ ಬಾಯಲ್ಲಿ ನಿಂತು, ಸೋರೆಬುರುಡೆಯ ತುಂಬ ಬೆಚ್ಚಗಿನ ಹಾಲು ಹಿಡಿದು, "ಹಸು ಕೊಟ್ಟಿದೆ, ಕುಡಿಸಿ" ಎಂದಿತು. ಮರಿಗಳು ಬದುಕಿದವು. ಅಂದಿನಿಂದ ನರಿಯನ್ನು ನರಿ ಎಂದು ಕರೆಯುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಅದು ಗವಿಯಪ್ಪನಾಯಿತು. ಅದರೆದುರು ಎಲ್ಲರೂ ತಲೆ ತಗ್ಗಿಸಿ "ಬುದ್ಧಿ" ಎನ್ನತೊಡಗಿದರು.

ಹಸುವಿಗೆ ಮೇವು ಬೇಕಲ್ಲ? ಹುಲ್ಲು ಆಗುವುದಿಲ್ಲ ಎಂದಿತು ನರಿ. ಕಾಡಂಚಿನ ಹೊಲದ ಸೋಯಾಬೀನ್ ಬೇಕು, ತೋಟದ ಬಾದಾಮಿ ಬೇಕು. ಹೊಲಕ್ಕೆ ನಾಯಿಗಳ ಕಾವಲು, ತೋಟದ ಸುತ್ತ ಉರುಲು. ಕಾಳು ತರಲು ಹೋದ ಮೊಲಗಳಲ್ಲಿ ಕೆಲವು ಕುಂಟುತ್ತ ಬಂದವು, ಕೆಲವು ಬರಲೇ ಇಲ್ಲ. ತಂದಿದ್ದನ್ನು ಗವಿಯ ಬಾಗಿಲಲ್ಲಿ ಸುರಿದು ಎಲ್ಲರೂ ದೂರ ಸರಿದು ನಿಲ್ಲುತ್ತಿದ್ದರು. ಬೆಳಗಾದರೆ ಒಳಗಿನಿಂದ ಗರ ಗರ ಸದ್ದು. ಹಸು ಮೆಲುಕು ಹಾಕುತ್ತಿದೆ ಎಂದು ಮರಿಗಳನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು.

ಕೆಂಚವ್ವ ಎಂಬ ಕೋತಿ ಸತ್ತ ತಂಗಿಯ ಮರಿಯನ್ನು ಸಾಕುತ್ತಿದ್ದಳು. ಮರಿಯ ಹೆಸರು ಚಿಗುರಿ. ಒಂದು ದಿನ ಹೊಲದ ನಾಯಿ ಕೆಂಚವ್ವನ ಕೈ ಕಚ್ಚಿತು. ತಂದ ಕಾಳಿನಲ್ಲಿ ಅರ್ಧ ದಾರಿಯಲ್ಲೇ ಚೆಲ್ಲಿಹೋಯಿತು.

"ಇಷ್ಟೇನಾ?" ಎಂದಿತು ನರಿ.

"ನಾಯಿ ಹಿಡಿಯಿತು ಬುದ್ಧಿ. ನಾಳೆ ಸೇರಿಸಿ ತರುತ್ತೇನೆ."

"ಹಾಗಾದರೆ ಹಾಲೂ ನಾಳೆಯೇ ತಗೋ."

ಚಿಗುರಿ ಆ ರಾತ್ರಿಯೆಲ್ಲ ಅವಳ ಕಿವಿಯನ್ನೇ ಚೀಪುತ್ತ ಮಲಗಿತು. ಬೆಳಗ್ಗೆ ಅದಕ್ಕೆ ಚೀಪುವ ಶಕ್ತಿಯೂ ಇರಲಿಲ್ಲ. ಕೆಂಚವ್ವನಿಗೆ ಹಸುವಿನ ಭಯಕ್ಕಿಂತ ಆ ಸುಮ್ಮನಿರುವ ಬಾಯಿಯ ಭಯವೇ ದೊಡ್ಡದಾಯಿತು. ಗವಿಯ ಮೇಲಿನ ಬಂಡೆ ಹತ್ತಿ, ಬಿರುಕಿಗೆ ಕಣ್ಣಿಟ್ಟಳು. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ನರಿಗೆ ಕೇಳಿಸೀತೆಂದು ಅಂಗೈಯಿಂದ ಒತ್ತಿ ಹಿಡಿದಿದ್ದಳು.

ಒಳಗೆ ಹಸು ಕಾಣಲಿಲ್ಲ. ನರಿ ಕಂಡಿತು. ರಾತ್ರಿಯೆಲ್ಲ ನೀರಲ್ಲಿ ನೆಂದು ಉಬ್ಬಿದ ಸೋಯಾಬೀನನ್ನು ಅದು ಉಜ್ಜಿ ಸಿಪ್ಪೆ ತೆಗೆಯುತ್ತಿತ್ತು. ನೆಂದ ಬಾದಾಮಿಯ ಸಿಪ್ಪೆಯನ್ನೂ ಸುಲಿಯಿತು. ಎರಡನ್ನೂ ಒರಳಿಗೆ ಹಾಕಿ, ನೀರು ಹನಿಸುತ್ತ ಗರ ಗರ ರುಬ್ಬಿತು. ಹೊಲದ ಬೆರ್ಚಪ್ಪನಿಂದ ಕದ್ದ ಪಂಚೆಯಲ್ಲಿ ಹಿಟ್ಟನ್ನು ಕಟ್ಟಿ ಹಿಂಡಿತು. ಬೆಳ್ಳಗೆ ಹಾಲು ಇಳಿಯಿತು.

ಅಷ್ಟರಲ್ಲಿ ಬಿರುಕಿನಿಂದ ಹೊಗೆ ಬಂತು. ಹೊಗೆ ಎಂದರೆ ಕಾಳ್ಗಿಚ್ಚು. ಹೊಗೆ ಕಂಡರೆ ಯೋಚಿಸಬೇಡ, ಓಡು ಎಂದು ಕಾಡಿನಲ್ಲಿ ಹುಟ್ಟಿದ ದಿನವೇ ಕಲಿಸುತ್ತಾರೆ. ಕೆಂಚವ್ವ ಓಡಿದಳು.

ಬೇಲಿಯಂಚಿನಲ್ಲಿ ಸಿಕ್ಕ ಒಂದಿಷ್ಟು ಕಾಳು ನೆನೆಸಿದಳು, ಕಲ್ಲಿನ ಗುಳಿಯಲ್ಲಿ ಅರೆದಳು, ಎಲೆಯ ನಾರಿನಲ್ಲಿ ಸೋಸಿದಳು. ಅದೇ ಬಿಳುಪು. ವಾಸನೆ ಮಾತ್ರ ಸ್ವಲ್ಪ ಹಸಿಹಸಿ. ಚಿಗುರಿ ಗಟಗಟ ಕುಡಿಯಿತು. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿತು. ಹೊಟ್ಟೆ ಉಬ್ಬಿತು. ಕಣ್ಣು ಮೇಲೆ ಹೋಯಿತು.

ಹಾಗಾದರೆ ಹಸು ಇದೆ. ಕಾಣದಂತೆ ಇದೆ. ನಾನು ಇಣುಕಿದ್ದನ್ನು ಅದು ನೋಡಿದೆ.  ಕೆಂಚವ್ವ ಮರಿಯನ್ನು ಎತ್ತಿಕೊಂಡು ಗವಿಯ ಮುಂದೆ ಹೋಗಿ ಬಿದ್ದಳು. ಹಾಲಿಗೆಂದು ಬಂದಿದ್ದವರೆಲ್ಲ ಸುತ್ತ ನಿಂತರು.

"ತಪ್ಪಾಯಿತು ಬುದ್ಧಿ. ಬಿರುಕಿನಲ್ಲಿ ಇಣುಕಿದೆ. ಕಾಳು ಅರೆದು ನಾನೇ ಹಾಲು ಮಾಡಿ ಕುಡಿಸಿದೆ. ಮರಿಯನ್ನು ಉಳಿಸಿ."

ನರಿ ಚಿಗುರಿಯ ಬಾಯಿ ಮೂಸಿತು. ಸೇರಿದವರ ಕಡೆ ತಿರುಗಿತು. ಆಮೇಲೆ ದನಿ ಏರಿಸಿತು. "ಕಾಳು ಅರೆದರೆ ಹಾಲಾಗುತ್ತದಂತೆ, ಕೇಳಿದಿರಾ? ಕಾಳಿಗೆ ಹಾಲು ತುಂಬುವುದು ಹಸುವಿನ ಉಸಿರು. ಅದರ ಉಸಿರಿಲ್ಲದ ಹಾಲು ವಿಷ. ಈಗ ಹಸು ಮುನಿದಿದೆ. ಈ ಮರಿಯನ್ನು ಗವಿಗೆ ಒಪ್ಪಿಸಿದರೆ ಸರಿ. ಇಲ್ಲದಿದ್ದರೆ ನಾಳೆಯಿಂದ ಯಾರಿಗೂ ಹಾಲಿಲ್ಲ."

 ಮೊದಲು ಮಾತಾಡಿದ್ದು ಮೊಲದವ್ವ. ಮೊನ್ನೆಯಷ್ಟೇ ಅವಳು ಕೆಂಚವ್ವನ ಗಾಯಕ್ಕೆ ಸೊಪ್ಪು ಕಟ್ಟಿದ್ದಳು. "ಕೊಟ್ಟುಬಿಡು ಅಕ್ಕಾ. ಹೇಗೂ ಉಳಿಯುವ ಹಾಗೆ ಕಾಣುವುದಿಲ್ಲ. ನಿನ್ನೊಂದಕ್ಕಾಗಿ ನಮ್ಮವನ್ನೆಲ್ಲ ಕೊಲ್ಲುತ್ತೀಯಾ?"

"ಕೊಟ್ಟುಬಿಡು" ಎಂದರು ಹಿಂದಿದ್ದವರು. ಅವರ ದನಿಯಲ್ಲಿ ಕ್ರೌರ್ಯವಿರಲಿಲ್ಲ, ಹೆದರಿಕೆಯಿತ್ತು. ಹೆದರಿದವರು ಕ್ರೂರಿಗಳು ಮಾಡುವ ಕೆಲಸವನ್ನೇ ಮಾಡುತ್ತಾರೆ, ಅಳುತ್ತ ಮಾಡುತ್ತಾರೆ, ಅಷ್ಟೇ.

ಕೆಂಚವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಿಧಾನವಾಗಿ ಎದ್ದಳು.

"ಕೊಡುತ್ತೇನೆ ಬುದ್ಧಿ. ಆದರೆ ಹಸುವಿನ ಮುಂದೆ ನಾನೇ ಇಡುತ್ತೇನೆ."

"ಒಳಗೆ ಯಾರೂ ಬರಬಾರದು. ಹಸುವನ್ನು ನೋಡಿದರೆ ಮರಿ ಸಾಯುತ್ತದೆ."

"ಒಪ್ಪಿಸಿದರೂ ಸಾಯುತ್ತದಲ್ಲ ಬುದ್ಧಿ. ಇನ್ನು ನನಗೆ ಎಂಥ ಹೆದರಿಕೆ?"

 ಕರಡಿ ಬೋರಣ್ಣ ಗಂಟಲು ಸರಿಮಾಡಿಕೊಂಡ. "ಅವಳು ಹೇಳುವುದೂ ಸರಿಯೇ ಇದೆ ಬುದ್ಧಿ. ಮರಿ ಅವಳದು."

"ನೀನು ಬಾಯಿ ಮುಚ್ಚು, ಜೇನು ಕದಿಯುವವನೇ."

"ಕದಿಯುತ್ತೇನೆ, ನಿಜ. ಕದ್ದಿದ್ದನ್ನು ನನ್ನ ಹಸು ಕೊಟ್ಟಿತು ಅನ್ನುವುದಿಲ್ಲ" ಎಂದುಬಿಟ್ಟ ಬೋರಣ್ಣ. ಹೇಳಿದ ಮೇಲೆ ತಾನೇ ಹೆದರಿ ಹಿಂದೆ ಮುಂದೆ ನೋಡಿದ.

ಅಷ್ಟರಲ್ಲಿ ಕೆಂಚವ್ವ ಒಳಗೆ ನುಗ್ಗಿದ್ದಳು.

ಕತ್ತಲು. ಹೊಗೆ. ಮೈಯ ಒಂದೊಂದು ಕೂದಲೂ ಓಡು ಎಂದಿತು. ಈ ಸಲ ಅವಳು ಓಡಲಿಲ್ಲ. ತಿರುವಿನಾಚೆ ಮೂರು ಕಲ್ಲು ಹೂಡಿ ಬೆಂಕಿ ಹಾಕಿತ್ತು. ಮೇಲೊಂದು ಮಡಕೆ. ಹೊಲದ ಗುಡಿಸಿಲಿನಿಂದ ಕೆಂಡ ಕದ್ದು ತಂದು ನರಿ ಒಲೆ ಹೂಡಿತ್ತು. ಮಡಕೆಯೊಳಗೆ ಬಿಳಿ ನೊರೆ ಸರಸರನೆ ಮೇಲೇರುತ್ತಿತ್ತು. ಹಿಂದೆಯೇ ಓಡಿಬಂದ ನರಿ, ಅವಳನ್ನು ಹಿಡಿಯುವುದು ಬಿಟ್ಟು, ದಿನದ ಅಭ್ಯಾಸದಂತೆ ಮೊದಲು ಒಲೆಯಿಂದ ಕೊಳ್ಳಿ ಹಿಂದಕ್ಕೆಳೆಯಿತು. ನೊರೆ ಇಳಿಯಿತು.

ಕೆಂಚವ್ವನಿಗೆ ಹೊಗೆ ಎಲ್ಲಿಯದೆಂದು ಅರ್ಥವಾಯಿತು.

"ಬನ್ನಿ" ಎಂದು ಕೂಗಿದಳು. "ಎಲ್ಲರೂ ಬನ್ನಿ. ಇಲ್ಲಿ ಹಸುವೂ ಇಲ್ಲ, ಸಗಣಿಯೂ ಇಲ್ಲ. ನಾವು ತಂದ ಕಾಳೇ ಇರುವುದು."

ಬೋರಣ್ಣ ಕಣ್ಣು ಮುಚ್ಚಿಕೊಂಡೇ ಒಳಗೆ ಬಂದ. ಒರಳು ಎಡವಿದ ಮೇಲೆ ಕಣ್ಣು ಬಿಟ್ಟ. ಅವನ ಹಿಂದೆ ಮೊಲದವ್ವ, ಉಳಿದವರು ಎಲ್ಲರೂ ಬಂದರು. ಮೂಲೆಯಲ್ಲಿ ಕಾಳಿನ ರಾಶಿ, ಬಾದಾಮಿಯ ರಾಶಿ. ಇನ್ನೊಂದು ಮೂಲೆಯಲ್ಲಿ ಮೊಲಗಳ ಮೂಳೆ. ಹೊಲಕ್ಕೆ ಹೋಗಿ ತಿರುಗಿ ಬಾರದಿದ್ದವರನ್ನು ನಾಯಿಗಳು ತಿಂದಿರಲಿಲ್ಲ. ಬೋರಣ್ಣನ ಪಂಜ ನರಿಯ ಕುತ್ತಿಗೆಯ ಮೇಲೆ ಬಿತ್ತು.

"ನಾನು ಮಾಡಿದ್ದು ಯಾಕೆ ವಿಷವಾಯಿತು?" ಎಂದು ಕೇಳಿದಳು ಕೆಂಚವ್ವ.

"ಕುದಿಸಲಿಲ್ಲ ನೀನು" ಎಂದು ನರಿ ಏದುಸಿರು ಬಿಟ್ಟಿತು. "ಹಸಿ ಸೋಯಾಬೀನ್ ಹಾಲು ಹೊಟ್ಟೆ ಕೆಡಿಸುತ್ತದೆ. ಉಕ್ಕಿದೊಡನೆ ಬೆಂದಿತು ಎಂದುಕೊಳ್ಳಬಾರದು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಇನ್ನೂ ಬಹಳ ಹೊತ್ತು ಕುದಿಸಬೇಕು."

"ಮರಿಯ ಬಾಯಿ ಮೂಸಿದಾಗಲೇ ಗೊತ್ತಾಯಿತಾ?"

ನರಿ ಅವಳ ಕಣ್ಣು ತಪ್ಪಿಸಿತು. "ಗೊತ್ತಾಯಿತು."

ಆ ಒಂದು ಮಾತಿಗೆ ಮೊಲದವ್ವ ಕೆಂಚವ್ವನ ಕಾಲು ಹಿಡಿದಳು.  ಬೋರಣ್ಣ ನರಿಯನ್ನು ಕುತ್ತಿಗೆ ಹಿಡಿದು ಹೊರಗೆಳೆದ. ಮೂಳೆ ಕಂಡು ಹೊರಬಂದಿದ್ದ, ಸತ್ತ ಮೊಲಗಳ ಬಂಧುಗಳು ಅಲ್ಲಿ ಕಾಯುತ್ತಿದ್ದರು. ಇಲ್ಲಿಯವರೆಗೆ ಕಾಲು ಕುಂಟುತ್ತ ಅದರೆದುರು ತಲೆ ತಗ್ಗಿಸಿದವರು ಅವರು. ಬೋರಣ್ಣ ಕೈಬಿಟ್ಟೊಡನೆ ಅವರು ಅಟ್ಟಿದರು, ನರಿ ಓಡಿ ಹೊಲಕ್ಕೇ ಇಳಿಯಿತು. ಬೇರೆಯವರನ್ನು ದಿನವೂ ಕಳಿಸುತ್ತಿದ್ದ ಹೊಲದಲ್ಲಿ ಅದು ಕಾಲಿಟ್ಟಿದ್ದು ಹಗಲಿನಲ್ಲಿ ಅದೇ ಮೊದಲು. ನಾಯಿಗಳು ಬೊಗಳಿದ್ದು ಕೇಳಿಸಿತು. ಆಮೇಲೆ ಬೊಗಳುವುದು ನಿಂತಿತು.

ಕೆಂಚವ್ವ ಅದನ್ನು ನೋಡಲು ಹೋಗಲಿಲ್ಲ. ಅವಳು ಚಿಗುರಿಗೆ ಹನಿ ಹನಿಯಾಗಿ ನೀರು ಕುಡಿಸುತ್ತಿದ್ದಳು. ಮರಿ ಕೆಮ್ಮಿದಾಗಲೆಲ್ಲ ಅವಳ ಜೀವ ಹೋಗಿ ಬರುತ್ತಿತ್ತು. ಸಂಜೆಗೆ ಹೊಟ್ಟೆಯ ಉಬ್ಬರ ಇಳಿಯಿತು. ಮರುದಿನ ಚೆನ್ನಾಗಿ ಕುದಿಸಿ ಆರಿಸಿದ ಹಾಲನ್ನು ಬಾಯಿಗಿಟ್ಟಳು.  ಚಿಗುರಿ ಕುಡಿಯಿತು. ಕೆಂಚವ್ವ ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಮರಿ ವಾಂತಿ ಮಾಡಲಿಲ್ಲ. ಬುರುಡೆ ಖಾಲಿಯೆಂದು ಅವಳ ಮೂಗಿಗೆ ಒಂದು ಏಟು ಕೊಟ್ಟಿತು.

ಆಮೇಲೂ ಕೆಲವರು ಗವಿಯ ಮುಂದೆ ಮೆಲ್ಲಗೇ ನಡೆಯುತ್ತಿದ್ದರು. ಭಯ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಅದಕ್ಕೇ ಕೆಂಚವ್ವ ಬೋರಣ್ಣನ ಕೈಯಲ್ಲಿ ಒರಳನ್ನು ಹೊರಗೆ ಉರುಳಿಸಿ ತರಿಸಿದಳು. ಒಲೆಯನ್ನೂ ಬಯಲಿನಲ್ಲಿ ಹೂಡಿಸಿದಳು. ಈಗ ಆ ಗರ ಗರ ಸದ್ದು ಕೇಳಿದರೆ ಮರಿಗಳು ಅಡಗಿಕೊಳ್ಳುವುದಿಲ್ಲ, ಬುರುಡೆ ಹಿಡಿದು ಓಡಿಬರುತ್ತವೆ.

ನೀತಿ: ನೋಡಿದರೆ ಕೇಡಾಗುತ್ತದೆ ಎಂದು ಹೆದರಿಸುವವನು ತನ್ನ ಮೋಸವನ್ನು ಕಾಯುತ್ತಿರುತ್ತಾನೆ, ಒಬ್ಬರೇ ಕದ್ದು ಇಣುಕಬೇಡಿ, ಎಲ್ಲರೂ ಕೂಡಿ ಒಳಗೆ ಹೋಗಿ ಪೂರ್ತಿ ನೋಡಿ.