ಇರುವೆ ಬೇಲಿಯ ಸಿಗದ ಚೂರು

ಭೂಮಿ ಆಗಷ್ಟೇ ಒಣಗುತ್ತಿದ್ದ ಕಾಲ, ಮಗು. ಬೆಟ್ಟಗಳಿಗೆ ಇನ್ನೂ ಕೂರಲು ಜಾಗ ಸಿಕ್ಕಿರಲಿಲ್ಲ. ಗಾಳಿ ಎಲ್ಲರ ಜೊತೆಗೂ ಮಾತಾಡುತ್ತಿತ್ತು.

ಇರುವೆಗಳು ಮಾತ್ರ ಆಗಲೇ ಮನೆ ಮಾಡಿಕೊಂಡಿದ್ದವು. ಬಾಗಿಲೆಂದರೆ ನೆಲದಲ್ಲೊಂದು ದುಂಡನೆಯ ತೂತು. ಮಳೆನೀರು ಒಳಗೆ ಬರದಂತೆ ಅದರ ಅಂಚಿಗೆ ಹುಲ್ಲುಕಡ್ಡಿ ಬಗ್ಗಿಸಿ ಬೇಲಿ ಹಾಕುತ್ತಿದ್ದವು. ಅದಕ್ಕೆ ಹಿರಿಯರ ಲೆಕ್ಕವೊಂದಿತ್ತು: ಅಡ್ಡ ಒಂದು, ಸುತ್ತ ಮೂರು. ತೂತಿನ ಅಡ್ಡಗಲಕ್ಕೆ ಸರಿಯಾಗಿ ಕಡ್ಡಿ ಕತ್ತರಿಸು, ಅಂಥ ಮೂರನ್ನು ಸುತ್ತಲೂ ಇಡು, ಮುಗಿಯಿತು.

ಮುಗಿಯುತ್ತಿರಲಿಲ್ಲ. ಕೊನೆಗೊಂದು ಸಂದಿ ಉಳಿಯುತ್ತಿತ್ತು. ಒಂದು ದಿನ ಆ ಸಂದಿಯಿಂದ ನೀರು ನುಗ್ಗಿ ರಾಣಿಯ ಮೊಟ್ಟೆಗಳೆಲ್ಲ ನೆನೆದುಹೋದವು.

"ಹಿರಿಯರ ಲೆಕ್ಕ ತಪ್ಪೋದಿಲ್ಲ. ಯಾರೋ ಕಡ್ಡಿ ತುದಿ ತಿಂದಿದ್ದಾರೆ" ಎಂದಳು ರಾಣಿ.

ಕಡ್ಡಿ ಕತ್ತರಿಸುವವಳು ಸಣ್ಣಿ. ಪಾಪ, ಸರಿಯಾಗಿ ಆಗಲೇ ಬಾಯಿ ಒರೆಸಿಕೊಂಡಳು. ಕುಂಬಳಕಾಯಿ ಇನ್ನೂ ಹುಟ್ಟಿರಲಿಲ್ಲ; ಹುಟ್ಟಿದ್ದರೆ ಹೆಗಲನ್ನೂ ಮುಟ್ಟಿ ನೋಡಿಕೊಳ್ಳುತ್ತಿದ್ದಳೋ ಏನೋ! ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು.

"ನಾನು ತಿಂದಿಲ್ಲ ಕಣವ್ವಾ!"

"ಹಾಗಾದ್ರೆ ಹೊತ್ತು ಮುಳುಗೋದ್ರೊಳಗೆ ಬೇಲಿ ಕೂಡಿಸು. ಇಲ್ಲಾಂದ್ರೆ ಮನೆ ಬಿಟ್ಟು ನಡಿ."

ಒಂಟಿ ಇರುವೆ ಹೊರಗೆ ಬದುಕುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಸಣ್ಣಿಗೂ.

ಅವಳು ಇನ್ನೊಂದು ಕಡ್ಡಿಯನ್ನು ಸಮನಾಗಿ ಹತ್ತು ಚೂರು ಮಾಡಿದಳು. ಸಂದಿಯಲ್ಲಿ ಒಂದು ಚೂರು ಹಿಡಿಯಿತು, ಎರಡನೆಯದು ಹಿಡಿಯಲಿಲ್ಲ. ಆ ಎರಡನೆಯದನ್ನು ಮತ್ತೆ ಹತ್ತು ಮಾಡಿದಳು. ನಾಲ್ಕು ಹಿಡಿದವು, ಸಂದಿ ಉಳಿಯಿತು. ಮತ್ತೆ ಹತ್ತು ಮಾಡಿದಳು. ಒಂದು. ಮತ್ತೆ ಹತ್ತು. ಐದು. ಮತ್ತೆ ಹತ್ತು. ಒಂಬತ್ತು. ಚೂರು ಧೂಳಾಯಿತು, ಸಂದಿ ಮಾತ್ರ ಮುಚ್ಚಲಿಲ್ಲ.

"ನೋಡಿದ್ರಾ? ನಮ್ಮ ಕಣ್ಣೆದುರೇ ತಿಂತಾವ್ಳೆ!" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಆಗ ಗಾಳಿ ನಡುವೆ ಬಾಯಿ ಹಾಕಿತು. "ಇಲ್ಲಿ ಕಳ್ಳರು ಯಾರೂ ಇಲ್ಲ ರಾಣಿ. ದುಂಡಗಿರೋದರ ಗುಣವೇ ಅದು. ಎಷ್ಟು ಚೂರು ಇಟ್ಟರೂ ಇನ್ನೊಂದು ಚೂರು ಕೇಳುತ್ತೆ. ಬೇಕಾದ್ರೆ ನೀನೇ ಇಟ್ಟು ನೋಡು."

"ಇವಳ ಪರ ಮಾತಾಡೋಕೆ ನಿಂಗೆಷ್ಟು ಪಾಲು ಕೊಟ್ಟಳು?" ಎಂದು ಮೂತಿ ತಿರುವಿ, ಸಣ್ಣಿ ಬಿಟ್ಟಲ್ಲಿಂದ ರಾಣಿ ತಾನೇ ಕತ್ತರಿಸಲು ಕೂತಳು. ಎರಡು. ಆರು. ಐದು. ಸಂದಿ ಅಲ್ಲೇ ಇತ್ತು. ಹೊತ್ತು ಮುಳುಗಿತು. ರಾಣಿ ತಲೆಯೆತ್ತಿ ನೋಡಿದರೆ, ಇರುವೆಗಳೆಲ್ಲ ಈಗ ಅವಳ ಬಾಯನ್ನೇ ದಿಟ್ಟಿಸುತ್ತಿದ್ದವು.

"ಸಣ್ಣೀ, ಒಳಗೆ ಹೋಗು" ಎಂದಳು ರಾಣಿ, ಮೆಲ್ಲಗೆ.

ಸಣ್ಣಿ ಉಳಿದಳು. ಅನುಮಾನವೂ ಉಳಿಯಿತು. ಗಾಳಿಯ ಮಾತನ್ನು ಯಾರೂ ಪೂರ್ತಿ ನಂಬಲಿಲ್ಲ. ಅದಕ್ಕೇ ನೋಡು ಮಗು, ಇವತ್ತಿಗೂ ಗೋಡೆಯ ಮೇಲೆ ಎರಡು ಇರುವೆ ಎದುರಾದರೆ ಗಕ್ಕನೆ ನಿಂತು, ಒಂದರ ಬಾಯನ್ನೊಂದು ಮೂಸಿ ನೋಡಿಯೇ ಮುಂದೆ ಹೋಗುತ್ತವೆ.